ಡೀಸೆಲ್ ಗಾಡಿಯ ಸೆಲ್ಫ್ ಮತ್ತು ಓಮ್‌ನ ಮೊದಲ ಸೂತ್ರ

ಕಳೆದ ಮಳೆಗಾಲದ ಒಂದು ಬೆಳಗಿನ ಜಾವ ನಮ್ಮ ಬೀದಿಯ ತರಕಾರಿ ವ್ಯಾಪಾರಿಯೊಬ್ಬರ ಡೀಸೆಲ್ ಪಿಕಪ್ ಹೊರಡದೆ ನಿಂತಿತು. ಕೀಲಿ ತಿರುಗಿಸಿದರೆ ಬಾನೆಟ್ಟಿನೊಳಗೆ ‘ಕಟ ಕಟ’ ಸದ್ದು ಮಾತ್ರ. ಹದಿನೈದು ದಿನಗಳ ಹಿಂದೆ ಇದೇ ಸದ್ದಿಗೆ ಹೊಸ ಬ್ಯಾಟರಿ ಹಾಕಿಸಿದ್ದರು. “ಇದೂ ಹೋಯ್ತು ಸಾರ್” ಎಂದು ತಲೆ ಮೇಲೆ ಕೈ ಹೊತ್ತು ನಿಂತರು. ಮಲ್ಟಿಮೀಟರ್ ಇಟ್ಟೆ. 12.6 ವೋಲ್ಟ್ ತೋರಿಸಿತು. ಆದರೆ ಸುಮ್ಮನೆ ಕುಳಿತ ಬ್ಯಾಟರಿಯ ಈ ಅಂಕಿಯನ್ನು ನಂಬಿ ಏನನ್ನೂ ತೀರ್ಮಾನಿಸುವಂತಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಸಂಪೀಡಿಸಿದಾಗ ಹುಟ್ಟುವ ಉಷ್ಣದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೊಳಗಾದ ರುಡಾಲ್ಫ್ ಡೀಸೆಲ್‌ನ ಎಂಜಿನ್ನನ್ನು ಚಾಲೂ ಮಾಡುತ್ತಿದ್ದುದು ಸಂಪೀಡಿತ ಗಾಳಿಯಿಂದ. ಆದರೆ ಇದೇ ಸಂಪೀಡನೆಯಿಂದಾಗಿ ಎಂಜಿನ್ನನ್ನು ಮೊದಲು ತಿರುಗಿಸುವುದು ಬಲು ಕಷ್ಟ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರ ತನ್ನ ಡೀಸೆಲ್ ಟ್ರಾಕ್ಟರಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಇಟ್ಟಿತ್ತು!

ಅಷ್ಟರಲ್ಲಿ ಪೆಟ್ರೋಲ್ ಕಾರುಗಳಿಗೆ ವಿದ್ಯುತ್ ಸ್ಟಾರ್ಟರ್ ಬಂದು ಎರಡು ದಶಕವಾಗುತ್ತಿತ್ತು. 1912ರ ಮಾದರಿಯ ಕ್ಯಾಡಿಲಾಕ್‌ಗೆ ಅದನ್ನು ರೂಪಿಸಿದ ಚಾರ್ಲ್ಸ್ ಕೆಟರಿಂಗ್, ಹಿಂದೆ ಅಂಗಡಿಗಳ ಹಣದ ಯಂತ್ರಕ್ಕೆ ಮೋಟಾರು ಜೋಡಿಸಿದ್ದವನು. ಕೆಲವೇ ಕ್ಷಣ ದುಡಿಯುವ ಮೋಟಾರಿಗೆ ಅದರ ಅಳತೆ ಮೀರಿ ಪ್ರವಾಹ ಕೊಟ್ಟರೂ ಸುಡುವುದಿಲ್ಲವೆಂಬುದು ಆ ಯಂತ್ರ ಕಲಿಸಿದ ಪಾಠ. ಇಂದಿನ ಡೀಸೆಲ್ ಪಿಕಪ್ಪಿನ ಸೆಲ್ಫ್ ಮೋಟಾರು ಕೂಡ 200-400 ಆಂಪಿಯರ್ ಎಳೆಯುತ್ತದೆ. ಇಷ್ಟು ಪ್ರವಾಹದಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ: 300 ಆಂಪಿಯರ್‌ಗೆ 3 ವೋಲ್ಟ್ ನಷ್ಟ.

ಆಕರದೊಳಗೂ ಅಡ್ಡಿಯಿದೆ ಎಂಬ ಸಂಗತಿ ಜಾರ್ಜ್ ಸೈಮನ್ ಓಮ್‌ನ ಲೆಕ್ಕದಲ್ಲೇ ಇತ್ತು. ಕೊಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದ ಆತ 1825ರಲ್ಲಿ ವೋಲ್ಟಾ ಮಾದರಿಯ ಕೋಶದಿಂದ ಪ್ರಯೋಗ ಮಾಡಿದ. ಪ್ರವಾಹ ಸ್ಥಿರವಾಗಿ ನಿಲ್ಲಲಿಲ್ಲ. ಪ್ರಕಟಿಸಿದ ಸೂತ್ರ ತಪ್ಪಾಯಿತು. ಪೊಗೆಂಡಾರ್ಫ್‌ನ ಸಲಹೆಯಂತೆ ಆತ ಬಿಸ್ಮತ್-ತಾಮ್ರ ಉಷ್ಣಯುಗ್ಮವನ್ನು ಹಿಡಿದ. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಆಕರ ಸ್ಥಿರವಾಯಿತು. ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಜೋಡಿಸಿ 1826ರಲ್ಲಿ ಕೊಟ್ಟ ಸೂತ್ರದ ಛೇದದಲ್ಲಿ ಎರಡು ಪದಗಳಿದ್ದವು: ಒಂದು ಹೊರಗಿನ ತಂತಿಯದು, ಇನ್ನೊಂದು ಮಂಡಲದ ಉಳಿದ ಭಾಗದ್ದು, ಅಂದರೆ ಆಕರವೂ ಸೇರಿದಂತೆ. ನಾವು ತರಗತಿಯಲ್ಲಿ ಮೊದಲ ಪದವನ್ನು ಉರು ಹೊಡೆಸಿ, ಎರಡನೆಯದನ್ನು ಆಂತರಿಕ ರೋಧವೆಂಬ ಹೆಸರಿನಲ್ಲಿ ಮುಂದಿನ ಪಾಠಕ್ಕೆ ತಳ್ಳಿಬಿಡುತ್ತೇವೆ. ಗಾಡಿ ನಿಂತಾಗ ಬೇಕಾಗುವುದು ಎರಡೂ ಇರುವ ಸೂತ್ರ.

ಬ್ಯಾಟರಿಯ ಆಂತರಿಕ ರೋಧ 0.008 ಓಮ್ ಎನ್ನೋಣ. 300 ಆಂಪಿಯರ್ ಎಳೆದಾಗ 2.4 ವೋಲ್ಟ್ ಒಳಗೇ ಕಳೆದು 10.2 ವೋಲ್ಟ್ ಹೊರಬರುತ್ತದೆ. ಇದು ಆರೋಗ್ಯದ ಲಕ್ಷಣ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಬ್ಯಾಟರಿ ಸೋತಿದ್ದರೆ ಹೆಡ್‌ಲೈಟೂ ಮಂಕಾಗುತ್ತದೆ.

ನಮ್ಮ ಪಿಕಪ್ಪಿನಲ್ಲಿ ಕಟಕಟ ಎನ್ನುವಾಗಲೂ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಸುಳಿವು ಸಿಕ್ಕಿದ್ದು ಅಲ್ಲಿ. ದೀಪದ ಪ್ರವಾಹ ಬಾಡಿಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸೆಲ್ಫ್‌ನ ಪ್ರವಾಹ ಮರಳಲು ಪ್ರತ್ಯೇಕ ಅರ್ತ್ ಪಟ್ಟಿ ಬೇಕು. ಅದರ ತುದಿ ತುಕ್ಕು ಹಿಡಿದು 0.1 ಓಮ್ ಸೇರಿದರೆ? ಸೆಲ್ಫ್‌ನದು 0.034 ಓಮ್ ಎಂದಿಟ್ಟುಕೊಂಡರೆ ಪ್ರವಾಹ ಸುಮಾರು 89 ಆಂಪಿಯರ್‌ಗೆ ಇಳಿಯುತ್ತದೆ. ಬ್ಯಾಟರಿಯಲ್ಲಿ 11.9 ವೋಲ್ಟ್ ಉಳಿದಿರುತ್ತದೆ, ಸೆಲ್ಫ್‌ಗೆ ದಕ್ಕುವುದು 3 ವೋಲ್ಟ್. ಸಾಲೆನಾಯ್ಡಿನ ಹಿಡಿತ ತಪ್ಪಿ ಸಂಪರ್ಕ ಕಡಿಯುತ್ತದೆ. ಪ್ರವಾಹ ನಿಂತೊಡನೆ ವೋಲ್ಟೇಜು ಮರಳಿ ಮತ್ತೆ ಹಿಡಿಯುತ್ತದೆ. ಕಟಕಟ ಸದ್ದೆಂದರೆ ಇದೇ. (ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಕಥೆ ಬೇರೆ. ಆಗ ಹೀಟರ್ ಪ್ಲಗ್, ಇಂಧನದ ಸಾಲೆನಾಯ್ಡ್ ನೋಡಬೇಕು.)

ಮೀಟರಿನ ಓಮ್ ವಿಭಾಗದಲ್ಲಿ ಇದನ್ನು ಹಿಡಿಯುವುದು ಕಷ್ಟ. ಅದು ಹರಿಸುವ ಪ್ರವಾಹ ತೀರಾ ಅಲ್ಪ. ಒಂದೇ ಎಳೆ ಉಳಿದ ಕೇಬಲ್ಲೂ ಅದಕ್ಕೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ವೋಲ್ಟ್ ವಿಭಾಗಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೇ (ಕ್ಲಾಂಪಿಗಲ್ಲ) ಒತ್ತಿ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ, ಕೀಲಿ ತಿರುಗಿಸಲು ಹೇಳಿದೆ. ಅರ್ಧ ವೋಲ್ಟ್ ಮೀರಬಾರದಿದ್ದ ಅಂಕಿ ಕುಣಿಯುತ್ತ 8ರವರೆಗೆ ಏರಿತು. ಪಟ್ಟಿ ಬಿಚ್ಚಿದಾಗ ಬೋಲ್ಟಿನಡಿ ಹಸಿರು ಪುಡಿ. ಉಜ್ಜುಕಾಗದದಿಂದ ತಿಕ್ಕಿ ಬಿಗಿದ ಮೇಲೆ 0.2 ವೋಲ್ಟ್. ಮೊದಲ ತಿರುವಿಗೇ ಎಂಜಿನ್ ಹಿಡಿಯಿತು. ಹಳೆಯ ಬ್ಯಾಟರಿಯನ್ನು ಅವರು ಆಗಲೇ ಗುಜರಿಗೆ ಹಾಕಿಯಾಗಿತ್ತು.