ಮಗುವಿಗೆ ಓದಲು ಬರುತ್ತದೆಯೇ? - ಮುಂಬಯಿಯಿಂದ ಹೊರಟ ಒಂದು ಪ್ರಶ್ನೆ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಾಗ ನಾನು ಕಲಿತ ಮೊದಲ ಪಾಠ, ಬಳಸುವವರನ್ನು ಕೇಳದೆ ಏನನ್ನೂ ಸರಿಪಡಿಸಲಾಗದು ಎಂಬುದು. ಶಾಲೆಗಳ ವಿಷಯದಲ್ಲಿ ಇದನ್ನು ಮಾಡಿ ತೋರಿಸಿದ ಕಥೆಯೊಂದು ನಮ್ಮ ಮುಂಬಯಿಯಲ್ಲೇ ಶುರುವಾಯಿತು. ಅದರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು.

1990ರ ದಶಕದ ನಡುವೆ ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಇಲ್ಲಿ 'ಪ್ರಥಮ್' ಸಂಸ್ಥೆಯನ್ನು ಕಟ್ಟಿದರು. ಕೊಳೆಗೇರಿಗಳಲ್ಲಿ ಬಾಲವಾಡಿಗಳು ತೆರೆದವು. ಹೊಸ ಕಟ್ಟಡಕ್ಕೆ ಕಾಯಲಿಲ್ಲ. ದೇವಸ್ಥಾನವೋ, ಯಾರದೋ ಮನೆಯ ಕೋಣೆಯೋ ಸಾಕಾಯಿತು. ಕಲಿಸಿದವರು ಅದೇ ಬಸ್ತಿಯ ಯುವತಿಯರು.

ಮುಂದೆ ಬಂದವರು 'ಬಾಲಸಖಿ'ಯರು. ಮೂರನೇ, ನಾಲ್ಕನೇ ತರಗತಿಗೆ ಬಂದರೂ ಓದು, ಲೆಕ್ಕದಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಕಲಿಸುವುದು ಇವರ ಕೆಲಸ. ಸ್ಥಳೀಯ ಯುವತಿಯರು, ದೊಡ್ಡ ಪದವಿಯಿಲ್ಲ, ಸಂಬಳವೂ ಅಲ್ಪ. 2001ರಿಂದ 2003ರವರೆಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಮುಂಬಯಿ ಹಾಗೂ ವಡೋದರಾದ ಶಾಲೆಗಳಲ್ಲಿ ಈ ಕೆಲಸವನ್ನು ಅಳೆದರು. ಬಾಲಸಖಿ ಇದ್ದ ಕಡೆ ಅಂಕಗಳು ಏರಿದ್ದವು. ಹೆಚ್ಚು ಲಾಭವಾದದ್ದು ತೀರಾ ಹಿಂದಿದ್ದ ಮಕ್ಕಳಿಗೇ. ಈ ಇಬ್ಬರಿಗೆ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

2005ರಲ್ಲಿ 'ಅಸರ್' ಸಮೀಕ್ಷೆ ಆರಂಭವಾಯಿತು. ಸ್ವಯಂಸೇವಕರು ಹೋದದ್ದು ಶಾಲೆಗಲ್ಲ, ಹಳ್ಳಿಯ ಮನೆಗಳಿಗೆ. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಅಕ್ಷರ, ಪದ, ಸಣ್ಣ ಪ್ಯಾರಾ, ಪುಟ್ಟ ಕಥೆ. ಮನೆಯವರ ಎದುರೇ ಮಗು ಓದಬೇಕು. ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂಬುದು ವರ್ಷವರ್ಷವೂ ಬಯಲಾಯಿತು.

ಆದರೆ ಗೊತ್ತಾದರೆ ಸಾಕೇ? ಅದೇ ಸುಮಾರಿಗೆ ಉತ್ತರ ಪ್ರದೇಶದ ಜೌನಪುರದಲ್ಲಿ ಊರವರನ್ನು ಸಭೆ ಸೇರಿಸಿ, ಗ್ರಾಮ ಶಿಕ್ಷಣ ಸಮಿತಿಯ ಬಗ್ಗೆ ತಿಳಿಸಿ ನೋಡಿದರು. ಅಲ್ಲಿಯವರೆಗೆ ಅಂಥ ಸಮಿತಿ ಇದೆಯೆಂದೇ ಬಹುತೇಕ ಪೋಷಕರಿಗೆ ಗೊತ್ತಿರಲಿಲ್ಲ. ಸಭೆಗಳಿಂದ ಶಾಲೆ ಬದಲಾಗಲಿಲ್ಲ. ಊರಿನ ಯುವಜನರಿಗೇ ಓದಿಸುವ ಬಗೆ ಕಲಿಸಿ ಶಿಬಿರ ನಡೆಸಿದಲ್ಲಿ, ಅದಕ್ಕೆ ಬಂದ ಮಕ್ಕಳು ಓದಿನಲ್ಲಿ ಮುಂದೆ ಬಂದರು.

ನಮ್ಮ ಕರ್ನಾಟಕದಲ್ಲಿ 2001ರಿಂದಲೇ ಎಸ್‌ಡಿಎಂಸಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಕುರ್ಚಿ ಸಿಕ್ಕಿದೆ. ಅದರಲ್ಲಿ ಕೂತು ಏನು ಕೇಳಬೇಕೆಂಬುದನ್ನು ಈ ಇತಿಹಾಸ ಹೇಳಿಕೊಡುತ್ತದೆ.

ಕಳೆದ ಭಾನುವಾರ ಅಂಥದ್ದೇ ಒಂದು ಹಾಳೆಯನ್ನು ಕನ್ನಡದಲ್ಲಿ ಬರೆದು ಮಗಳ ಮುಂದಿಟ್ಟೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ಜಾಣೆ. ಕನ್ನಡದಲ್ಲಿ ಅಕ್ಷರ ದಾಟಿ ಪದಕ್ಕೆ ಬಂದಾಗ ತಡವರಿಸಿ, "ಅಮ್ಮಾ, ನೀನೇ ಓದು" ಎಂದಳು. ಅವಳ ಅಂಕಪಟ್ಟಿಯಲ್ಲಿ ಇದು ಎಲ್ಲೂ ಇರಲಿಲ್ಲ. ಈಗ ದಿನವೂ ಊಟವಾದ ಮೇಲೆ ಹತ್ತು ನಿಮಿಷ ಇಬ್ಬರೂ ಕೂಡಿ ಓದುತ್ತೇವೆ.

ಗೆಳತಿಯರೇ, ನೀವೂ ಒಮ್ಮೆ ಆ ಹಾಳೆ ಬರೆದು ನೋಡಿ. ನಮ್ಮ ಮಹಿಳಾ ವಿಭಾಗದಿಂದ ಕೆಲವು ಬಾಲಸಖಿಯರು ಹೊರಟರೆ ನಾನಂತೂ ಜೊತೆಗಿದ್ದೇನೆ.