ಹಳೆಯ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದರೆ ಮಾರುವಾಗ ಹೆಚ್ಚು ಬೆಲೆ ಸಿಗುತ್ತದೆಯೇ?

ಈ ಬಗೆಯ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಶೆಡ್ಡಿನಲ್ಲಿ ದೂಳು ಹಿಡಿದು ನಿಂತಿರುವ ಹಳೆಯ ಸ್ಪೋರ್ಟ್ಸ್ ಕಾರು. ಅರ್ಧ ನಿಮಿಷದಲ್ಲಿ ಹಳೆ ಎಂಜಿನ್ ಹೊರಗೆ, ದುಪ್ಪಟ್ಟು ಶಕ್ತಿಯ ಹೊಸ ಎಂಜಿನ್ ಒಳಗೆ. ಕೊನೆಗೆ ಫಳಫಳ ಹೊಳೆಯುವ ಕಾರು, ಅದರ ಕೆಳಗೆ ‘ಈಗ ಇದರ ಬೆಲೆ ಎಷ್ಟು ಗೊತ್ತಾ?’ ಎಂಬ ಸಾಲು. ಅಜ್ಜನ ಕಾಲದ ಗಾಡಿ ಮನೆಯಲ್ಲಿರುವವರು ಇದನ್ನು ನೋಡಿ ಮೆಕ್ಯಾನಿಕ್‌ಗೆ ಫೋನ್ ಮಾಡುವುದೂ ಉಂಟು.

ಫೋನ್ ಮಾಡುವ ಮೊದಲು ಚಿಕ್ಕ ಉತ್ತರ ಕೇಳಿ. ಎಂಜಿನ್ ಬದಲಿಸಿದರೆ ವೇಗ ಏರುತ್ತದೆ, ಬೆಲೆ ಏರುತ್ತದೆ ಎನ್ನುವಂತಿಲ್ಲ. ಅಪರೂಪದ ಕ್ಲಾಸಿಕ್ ಕಾರಾದರೆ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಅಷ್ಟೇನೂ ಅಪರೂಪವಲ್ಲದ ಹಳೆ ಕಾರಾದರೆ ಖರ್ಚು ಮಾಡಿದ ಹಣ ಪೂರ್ತಿ ವಾಪಸ್ ಬರುವುದು ಕಷ್ಟ. ಬೆಲೆ ಏರುವ ಕೆಲವು ಸಂದರ್ಭಗಳೂ ಇವೆ, ವಿಡಿಯೋ ಮಾಡುವವರು ತೋರಿಸುವುದು ಅವನ್ನು ಮಾತ್ರ.

ಕೊಳ್ಳುವವರು ದುಡ್ಡು ಕೊಡುವುದು ಯಾವುದಕ್ಕೆ?

ಮೂರು ವರ್ಷ ಹಳೆಯ ಕಾರು ಕೊಳ್ಳುವವರು ಮೈಲೇಜ್ ಎಷ್ಟು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ. ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಕೇಳುವುದು ಬೇರೆ: ‘ಇದು ನಿಜವಾಗಿಯೂ ಅದೇನಾ?’ 1961ರಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಜಾಗ್ವಾರ್ ಇ-ಟೈಪ್ ಮೊದಲು ಕಾಣಿಸಿಕೊಂಡಾಗ, ಅದು ಗಂಟೆಗೆ 240 ಕಿಲೋಮೀಟರ್ ಮುಟ್ಟುತ್ತದೆ ಎಂಬ ಮಾತೇ ದೊಡ್ಡ ಸುದ್ದಿ. ಇವತ್ತು ಆ ವೇಗ ಬೇಕೆಂದು ಯಾರೂ ಇ-ಟೈಪ್ ಹುಡುಕುವುದಿಲ್ಲ, ಶೋರೂಮಿಗೆ ಹೋದರೆ ಸಾಕು. ಅವರು ಹುಡುಕುವುದು 1961ರ ಕಾರನ್ನು. ಅದರೊಳಗೆ ಹೊಸ ಎಂಜಿನ್ ಇದ್ದರೆ 1961 ಸ್ವಲ್ಪ ಕಡಿಮೆಯಾಯಿತು ಎಂದೇ ಅವರ ಲೆಕ್ಕ.

ಈ ಲೆಕ್ಕಕ್ಕೆ ಕಾರು ಪ್ರಿಯರ ನಡುವೆ ‘ಮ್ಯಾಚಿಂಗ್ ನಂಬರ್ಸ್’ ಎಂಬ ಹೆಸರಿದೆ. ಕಾರ್ಖಾನೆಯಿಂದ ಹೊರಬಂದ ದಿನ ಯಾವ ಚಾಸಿಗೆ ಯಾವ ಎಂಜಿನ್ ಕೂರಿಸಿದ್ದರೋ ಇವತ್ತೂ ಅದೇ ಇದೆ ಎಂದು ಅರ್ಥ. ಇ-ಟೈಪ್‌ನಲ್ಲಿ ಎಂಜಿನ್ ಸಂಖ್ಯೆಯನ್ನು ಬ್ಲಾಕ್ ಮೇಲೂ ಸಿಲಿಂಡರ್ ಹೆಡ್ ಮೇಲೂ ಒತ್ತಿರುತ್ತಾರೆ. ಬಾಡಿಗೂ ಗೇರ್‌ಬಾಕ್ಸ್‌ಗೂ ಬೇರೆ ಬೇರೆ ಸಂಖ್ಯೆಗಳಿವೆ. ಬ್ರಿಟನ್ನಿನ ಜಾಗ್ವಾರ್ ಹೆರಿಟೇಜ್ ಟ್ರಸ್ಟ್ ಹಳೆಯ ದಾಖಲೆ ನೋಡಿ ಈ ಸಂಖ್ಯೆಗಳ ಪ್ರಮಾಣಪತ್ರ ಕೊಡುತ್ತದೆ. ಕೊಳ್ಳುವವರು ಆ ಕಾಗದವನ್ನು ಕೈಯಲ್ಲಿ ಹಿಡಿದು ಬಾನೆಟ್ ಎತ್ತಿ ಒಂದೊಂದೇ ಸಂಖ್ಯೆ ತಾಳೆ ನೋಡುತ್ತಾರೆ. ಇ-ಟೈಪ್‌ಗೆ ಮೊದಲು ಇದ್ದದ್ದು 3.8 ಲೀಟರ್ ಎಂಜಿನ್, 1964ರಲ್ಲಿ 4.2 ಲೀಟರ್ ಬಂತು. ಹಾಗೆಂದು 1962ರ ಕಾರಿಗೆ 4.2 ಹಾಕಿದರೆ ಅದು ಒಳ್ಳೆಯ ಕಾರಾಗಬಹುದು, ಆದರೆ ಕಾಗದದ ಜತೆ ತಾಳೆಯಾಗುವುದಿಲ್ಲ.

ಇಪ್ಪತ್ತೇ ಕಾರುಗಳ ಕತೆ

ಸಂಖ್ಯೆಗೆ ಎಷ್ಟು ಬೆಲೆ ಎಂದು ತಿಳಿಯಲು ಅಮೆರಿಕದ ಶೆವರ್ಲೆ ಕಾರ್ವೆಟ್ ನೋಡಬೇಕು. 1967ರಲ್ಲಿ ತಯಾರಾದ ಕಾರ್ವೆಟ್‌ಗಳು 22,940. ಅವುಗಳಲ್ಲಿ ಎಲ್88 ಎಂಬ ರೇಸಿಂಗ್ ಎಂಜಿನ್ ಪಡೆದವು ಕೇವಲ 20. ಕಂಪನಿ ಅದರ ಶಕ್ತಿಯನ್ನು 430 ಅಶ್ವಶಕ್ತಿ ಎಂದಷ್ಟೇ ಬರೆದುಕೊಂಡಿತ್ತು. ಅದೇ ವರ್ಷದ ಇನ್ನೊಂದು ಎಂಜಿನ್‌ಗೆ 435 ಎಂದು ಬರೆದಿತ್ತು. ಅಂದರೆ ಕಾಗದದ ಮೇಲೆ ಎಲ್88 ಕಡಿಮೆ ಶಕ್ತಿಯದು! ನಿಜವಾದ ಶಕ್ತಿ ಇದಕ್ಕಿಂತ ಬಹಳ ಹೆಚ್ಚಿತ್ತು, ಸಾಮಾನ್ಯ ಗಿರಾಕಿಗಳು ಅದರ ಹತ್ತಿರ ಬರದಿರಲಿ ಎಂದೇ ಹಾಗೆ ಬರೆದದ್ದು. 2014ರ ಜನವರಿಯಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಆ ಇಪ್ಪತ್ತರಲ್ಲಿ ಒಂದು 38.5 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಈಗ ಯೋಚಿಸಿ. ಅದೇ ವರ್ಷದ ಮಾಮೂಲಿ ಕಾರ್ವೆಟ್ ತಂದು, ಅದೇ ಅಳತೆಯ 7 ಲೀಟರ್ ಎಂಜಿನ್ ಕೂರಿಸಲು ಏನು ಅಡ್ಡಿ? ಏನೂ ಇಲ್ಲ. ಓಟದಲ್ಲಿ ಅದು ಅಸಲಿ ಎಲ್88 ಅನ್ನು ಹಿಂದೆ ಹಾಕಲೂಬಹುದು. ಆದರೆ ಹರಾಜಿನಲ್ಲಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಯಾಕೆಂದರೆ ಅದು ಇಪ್ಪತ್ತರಲ್ಲಿ ಒಂದಲ್ಲ.

ಜರ್ಮನಿಯ ಪೋರ್ಷೆ 911ರ ಕತೆಯೂ ಇದೇ. 1973ರ ಕರೆರಾ ಆರ್‌ಎಸ್ 2.7 ಮಾದರಿ ತಯಾರಾದದ್ದು 1,580. ಸಾಮಾನ್ಯ 911ಕ್ಕೆ 2.7 ಲೀಟರ್ ಎಂಜಿನ್ ಹಾಕಿ, ಹಿಂಬದಿಗೆ ಬಾತುಕೋಳಿಯ ಬಾಲದಂತಹ ಆ ಪ್ರಸಿದ್ಧ ರೆಕ್ಕೆ ಅಂಟಿಸಿದ ನಕಲುಗಳು ಜಗತ್ತಿನಾದ್ಯಂತ ಓಡಾಡುತ್ತಿವೆ. ನಕಲು ಎಂದು ಹೇಳಿಯೇ ಮಾರಿದರೆ ತಪ್ಪೇನಿಲ್ಲ. ಅಸಲಿ ಎಂದು ಮಾರಿದರೆ ಮೋಸ.

ಈ ಮೋಸದ ಒಂದು ಮಗ್ಗುಲನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ವೆಟ್ ಎಂಜಿನ್ ಬ್ಲಾಕ್‌ನ ಮುಂಭಾಗದಲ್ಲಿ ಬೆರಳಗಲದ ಒಂದು ಸಪಾಟು ಜಾಗವಿದೆ, ಸಂಖ್ಯೆ ಒತ್ತುವುದು ಅಲ್ಲಿ. ಕಾರ್ಖಾನೆಯ ಯಂತ್ರ ಆ ಮೇಲ್ಮೈಯನ್ನು ಕೆತ್ತುವಾಗ ನುಣುಪಾದ ಸಮಾನಾಂತರ ಗೆರೆಗಳು ಉಳಿಯುತ್ತವೆ. ಎಂಜಿನ್ ಓವರ್‌ಹಾಲ್ ಮಾಡುವ ವರ್ಕ್‌ಶಾಪ್‌ನವರು ಬ್ಲಾಕ್‌ನ ಮೇಲ್ಭಾಗವನ್ನು ಮಟ್ಟಸ ಮಾಡಲು ಒಂದು ಪದರ ಕೆರೆದುಬಿಟ್ಟರೆ ಗೆರೆಗಳೂ ಹೋದವು, ಸಂಖ್ಯೆಯೂ ಹೋಯಿತು. ಎಂಜಿನ್ ಅಸಲಿಯೇ, ಆದರೆ ಸಾಕ್ಷಿ ಅಳಿಸಿಹೋಯಿತು! ನಕಲು ಮಾಡುವವರೂ ಹೀಗೆಯೇ ಕೆರೆದು ತಮಗೆ ಬೇಕಾದ ಸಂಖ್ಯೆ ಒತ್ತುತ್ತಾರೆ. ಹೀಗಾಗಿ ಅನುಭವಿ ಪರೀಕ್ಷಕರು ಸಂಖ್ಯೆಗಿಂತ ಮೊದಲು ಟಾರ್ಚ್ ಹಿಡಿದು ಗೆರೆಗಳನ್ನು ಹುಡುಕುತ್ತಾರೆ. ಬೇರೆ ಎಂಜಿನ್ ಹಾಕುವುದಿರಲಿ, ಇರುವ ಎಂಜಿನ್ ರಿಪೇರಿಗೆ ಕೊಡುವಾಗಲೂ ‘ನಂಬರ್ ಇರುವ ಜಾಗ ಮುಟ್ಟಬೇಡಿ’ ಎಂದು ಬರೆದುಕೊಡುವುದು ಇದಕ್ಕೇ.

ಬೆಲೆ ಇಳಿಯದ, ಏರುವ ಸಂದರ್ಭಗಳು

ಎಲ್ಲ ಅಪ್‌ಗ್ರೇಡೂ ಹಾಳು ಎಂದರೆ ಅದೂ ಅರ್ಧ ಸತ್ಯವೇ. ಕೆಲವು ಕಾರುಗಳು ಹುಟ್ಟುವಾಗಲೇ ರೋಗ ಹೊತ್ತು ಬಂದಿವೆ. 1974ರಿಂದ 1977ರವರೆಗಿನ 2.7 ಲೀಟರ್ ಪೋರ್ಷೆ 911ರ ಎಂಜಿನ್ ಕವಚ ಮೆಗ್ನೀಸಿಯಂನದು. ಬಿಸಿಯೇರಿದಾಗ ಸಿಲಿಂಡರ್ ಹೆಡ್ ಹಿಡಿದಿಟ್ಟಿರುವ ಬೋಲ್ಟುಗಳು ಅದರಿಂದ ಕಿತ್ತುಬರುವುದು ಆ ಕಾರಿನ ಹೆಸರಾಂತ ಕಾಯಿಲೆ. ಅದರ ಜಾಗದಲ್ಲಿ ಮುಂದಿನ ವರ್ಷಗಳ 3.0 ಅಥವಾ 3.2 ಲೀಟರ್ ಪೋರ್ಷೆ ಎಂಜಿನ್ ಇದ್ದರೆ ಓಡಿಸಲೆಂದೇ ಕೊಳ್ಳುವವರು ಮೂಗು ಮುರಿಯುವುದಿಲ್ಲ, ಖುಷಿಯೇ ಪಡುತ್ತಾರೆ. ಈ ವರ್ಷಗಳ ಮಾಮೂಲಿ 911ಗಳು ಆರ್‌ಎಸ್‌ನಂತೆ ಅಪರೂಪವೂ ಅಲ್ಲ.

ಬ್ರಿಟನ್ನಿನ ಎಂಜಿಬಿ 1962ರಿಂದ 1980ರವರೆಗೆ ಲಕ್ಷಗಟ್ಟಲೆ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. ಅದಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್, ಡೈನಮೋ ಬದಲು ಆಲ್ಟರ್ನೇಟರ್ ಹಾಕಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಹಳೆ ಎಂಜಿನ್‌ಗಳ ವಾಲ್ವ್ ಸೀಟುಗಳು ಬೇಗ ಸವೆಯಲು ಶುರುವಾದವು. ಅವಕ್ಕೆ ಗಟ್ಟಿ ಲೋಹದ ಸೀಟು ಹಾಕಿಸಿದ್ದರೆ ಮಾರುವವರು ಅದನ್ನು ಜಾಹೀರಾತಿನಲ್ಲೇ ಬರೆದುಕೊಳ್ಳುತ್ತಾರೆ. ಒಳಗಿನ ಸುಧಾರಣೆ, ಹೊರಗೆ ಕಾಣದು, ಸಂಖ್ಯೆ ಇದ್ದಲ್ಲೇ ಇದೆ.

ಇನ್ನು ವಿಡಿಯೋಗಳ ನಿಜವಾದ ತಾರೆಯರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ರಾಬ್ ಡಿಕಿನ್ಸನ್ ಶುರುಮಾಡಿದ ಸಿಂಗರ್ ಸಂಸ್ಥೆ, 964 ಎಂದು ಕರೆಯುವ ಪೋರ್ಷೆ 911ಗಳನ್ನು ಬಿಚ್ಚಿ ಎಂಜಿನ್ ಸಹಿತ ಹೊಸದಾಗಿ ಕಟ್ಟುತ್ತದೆ. ಇಂಗ್ಲೆಂಡಿನ ಈಗಲ್ ಸಂಸ್ಥೆ ಇ-ಟೈಪ್‌ಗಳಿಗೆ ಇದನ್ನೇ ಮಾಡುತ್ತದೆ. ಇವುಗಳ ಬೆಲೆ ಮೂಲ ಕಾರಿನ ಎಷ್ಟೋ ಪಟ್ಟು. ಆದರೆ ಗಮನಿಸಿ, ಇಲ್ಲಿ ಗಿರಾಕಿ ದುಡ್ಡು ಕೊಡುವುದು ದೊಡ್ಡ ಎಂಜಿನ್‌ಗಲ್ಲ, ಕಟ್ಟಿದವರ ಹೆಸರಿಗೆ. ಊರಿನ ಗ್ಯಾರೇಜಿನಲ್ಲಿ ಅಷ್ಟೇ ಒಳ್ಳೆಯ ಕೆಲಸ ಮಾಡಿಸಿದರೂ ಆ ಹೆಸರು ಬರುವುದಿಲ್ಲ. ಅನ್ಯಾಯ ಅನ್ನಿಸಬಹುದು, ಸೀರೆ ಅಂಗಡಿಯಲ್ಲೂ ಲೆಕ್ಕ ಹೀಗೆಯೇ ಅಲ್ಲವೇ?

ತೆಗೆದ ಎಂಜಿನ್ ಎಲ್ಲಿದೆ?

ಜಾಗ್ವಾರ್ ಕಂಪನಿಯೇ ಇ-ಟೈಪ್‌ಗೆ ಬ್ಯಾಟರಿ, ಮೋಟಾರ್ ಕೂರಿಸಿ ‘ಇ-ಟೈಪ್ ಝೀರೋ’ ಮಾಡಿತ್ತು. 2018ರ ಮೇ ತಿಂಗಳಲ್ಲಿ ರಾಜಕುಮಾರ ಹ್ಯಾರಿ ಮತ್ತು ಮೇಗನ್ ಮದುವೆಯ ಸಂಜೆ ಹೊರಟದ್ದು ಅದರಲ್ಲೇ. ಬೇಕೆಂದಾಗ ಹಳೆಯ ಪೆಟ್ರೋಲ್ ಎಂಜಿನ್ ಮರಳಿ ಕೂರಿಸುವಂತೆ ಅದನ್ನು ರೂಪಿಸಲಾಗಿತ್ತು. ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು ಎಂದು ನನಗನ್ನಿಸುತ್ತದೆ. ಚಾಸಿ ಕತ್ತರಿಸದೆ, ಹೊಸ ತೂತು ಕೊರೆಯದೆ, ಹಳೆ ಎಂಜಿನ್ ಜೋಪಾನವಾಗಿಟ್ಟು ಮಾಡಿದ ಬದಲಾವಣೆಯಲ್ಲಿ ಬೆಲೆಗೆ ಬೀಳುವ ಪೆಟ್ಟು ಕಡಿಮೆ. ಕೊಳ್ಳುವವರಿಗೆ ಹಿಂದಕ್ಕೆ ಹೋಗುವ ದಾರಿ ತೆರೆದಿರುತ್ತದೆ. ಹಳೆ ಎಂಜಿನ್ ಗುಜರಿಗೆ ಹಾಕಿದ ದಿನ ಆ ದಾರಿ ಮುಚ್ಚಿತು.

ಹಾಗಾದರೆ ಎಂಜಿನ್ ಹೋದರೆ ಕಾರೇ ಹೋಯಿತೇ? ಈ ಪ್ರಶ್ನೆ ಲಂಡನ್ನಿನ ನ್ಯಾಯಾಲಯಕ್ಕೂ ಹೋಗಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದ ‘ಓಲ್ಡ್ ನಂಬರ್ ವನ್’ ಎಂಬ ಬೆಂಟ್ಲಿ ಕಾರಿಗೆ 1932ರಲ್ಲಿ 6.5 ಲೀಟರ್ ಬದಲು 8 ಲೀಟರ್ ಎಂಜಿನ್ ಹಾಕಿದ್ದರು. ಆಮೇಲೆ ಬಾಡಿಯೂ ಬದಲಾಯಿತು. 1990ರಲ್ಲಿ ಅದನ್ನು 1 ಕೋಟಿ ಪೌಂಡ್‌ಗೆ ಮಾರುವ ಒಪ್ಪಂದವಾದಾಗ, ಕೊಳ್ಳುವ ಕಂಪನಿ ‘ಇದು ಆ ಕಾರೇ ಅಲ್ಲ’ ಎಂದು ಹಿಂದೆ ಸರಿಯಿತು. ನ್ಯಾಯಮೂರ್ತಿಗಳು ಮಾರಿದವರ ಪರ ತೀರ್ಪು ಕೊಟ್ಟರು. ಲ ಮಾನ್ ಗೆದ್ದಾಗಿನ ಭಾಗಗಳು ಅದರಲ್ಲಿ ಉಳಿದಿರುವುದು ಬಹಳ ಕಡಿಮೆ, ಆದರೂ ಕಾರು ಒಮ್ಮೆಯೂ ಇಲ್ಲವಾಗಿರಲಿಲ್ಲ, ಬದಲಾಗುತ್ತಲೇ ಬದುಕಿತ್ತು, ಆ ಹೆಸರಿಗೆ ಹಕ್ಕು ಹೇಳುವ ಬೇರೆ ಕಾರೂ ಇಲ್ಲ ಎಂಬುದು ಅವರ ವಾದಸರಣಿ. ಕಾರಿನ ಪರ ನಿಂತದ್ದು ಅದರ ದಾಖಲೆಗಳು. ಆ 8 ಲೀಟರ್ ಎಂಜಿನ್ ಯಾವಾಗ, ಯಾಕೆ ಬಂತು ಎಂಬುದು ಚರಿತ್ರೆಯ ಭಾಗವಾಗಿತ್ತು. ನಿನ್ನೆ ಮೊನ್ನೆ ಹಾಕಿಸಿದ ಎಂಜಿನ್‌ಗೆ ಆ ಭಾಗ್ಯವಿಲ್ಲ.

ನಮ್ಮಲ್ಲಿ ಕಾನೂನಿನ ಲೆಕ್ಕವೂ ಇದೆ

ಭಾರತದಲ್ಲಿ ಇದು ಹವ್ಯಾಸದ ಮಾತಷ್ಟೇ ಅಲ್ಲ. ತಯಾರಕರು ನಿಗದಿಪಡಿಸಿದ ವಿವರಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಾದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ಸಂಖ್ಯೆ ದಾಖಲಾಗಬೇಕು. ಇಲ್ಲದಿದ್ದರೆ ಹೆಸರು ವರ್ಗಾವಣೆಯೂ ಇನ್ಶೂರೆನ್ಸ್ ಕ್ಲೇಮೂ ಸಿಕ್ಕಿಹಾಕಿಕೊಳ್ಳುತ್ತವೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ಸಂಖ್ಯೆ ಸಿಗುತ್ತದೆ. ಷರತ್ತು ಏನು ಗೊತ್ತೇ? ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದರೆ ಅಜ್ಜನ ಕಾರಿಗೆ ಹೊಸ ಎಂಜಿನ್ ಹಾಕಿಸಿದರೆ ವಿಂಟೇಜ್ ಪಟ್ಟವೇ ಕೈತಪ್ಪಬಹುದು.

ಕಾರಿಲ್ಲದವರಿಗೂ ಇದು ಅನ್ವಯಿಸುತ್ತದೆ. 1985ರಿಂದ 1996ರವರೆಗೆ ಬಂದ ಯಮಾಹಾ ಆರ್‌ಎಕ್ಸ್ 100 ಬೈಕನ್ನೇ ನೋಡಿ. ‘ಪಿಕಪ್ ಚೆನ್ನಾಗಿರಲಿ’ ಎಂದು ಅದಕ್ಕೆ ಆರ್‌ಎಕ್ಸ್ 135ರ ಎಂಜಿನ್ ಹಾಕಿದವರು ಬೇಕಾದಷ್ಟು. ಸಂಗ್ರಾಹಕರು ಈಗ ಹುಡುಕುವುದು 98 ಸಿಸಿಯ ಆ ಅಸಲಿ ಎಂಜಿನ್ ಇರುವ, ಆರ್‌ಸಿ ಜತೆ ತಾಳೆಯಾಗುವ ಬೈಕನ್ನು.

‘ಅಪ್‌ಗ್ರೇಡ್ ಮಾಡಿದ ಎಂಜಿನ್’ ಎಂಬ ಜಾಹೀರಾತು ಕಂಡರೆ ಶಕ್ತಿ ಎಷ್ಟು ಎಂದು ಕೇಳುವ ಮೊದಲು, ತೆಗೆದ ಎಂಜಿನ್ ಕಾರಿನ ಜತೆ ಕೊಡುತ್ತೀರಾ ಎಂದು ಕೇಳಿ. ಅದರ ಸಂಖ್ಯೆಯ ಫೋಟೋ ತರಿಸಿಕೊಂಡು ಆರ್‌ಸಿಯ ಹಳೆಯ ಪ್ರತಿಯ ಜತೆ ಹೋಲಿಸಿ. ಬದಲಿಸುವವರು ನೀವೇ ಆದರೆ ಹಳೆ ಎಂಜಿನ್‌ನ ಸಿಲಿಂಡರ್‌ಗಳಿಗೆ ಎಣ್ಣೆ ಬಿಟ್ಟು, ಪ್ಲಗ್ ತೂತು ಮುಚ್ಚಿ, ಮರದ ಹಲಗೆಯ ಮೇಲೆ ಒಣ ಜಾಗದಲ್ಲಿಡಿ. ನೆಲದ ಮೇಲೆ ಇಟ್ಟರೆ ಒಂದು ಮಳೆಗಾಲಕ್ಕೇ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳುತ್ತದೆ.