ಕುದ್ಮುಲ್ ರಂಗರಾಯರ ಶಾಲೆಗಳು ಮತ್ತು ಮಕ್ಕಳ ಪೋಷಣೆ

ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ದುರ್ಬಲರ ಮಗು ಒಳಗೆ ಬಂದುಬಿಡುವುದಿಲ್ಲ. ಹಸಿವು, ಹೆದರಿಕೆ, ಅವಮಾನ ಈ ಮೂರೂ ಹೊಸ್ತಿಲಲ್ಲಿ ಅಡ್ಡ ನಿಂತಿರುತ್ತವೆ. ಇದನ್ನು ಚೆನ್ನಾಗಿ ಅರಿತಿದ್ದವರು 1859ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಕುದ್ಮುಲ್ ರಂಗರಾಯರು.

ಮಂಗಳೂರಿನಲ್ಲಿ ವಕೀಲರಾಗಿದ್ದ ಅವರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕೂಲಿಗೆ ಹೋಗುವ ಮಗುವನ್ನು ಓದಲು ಕಳುಹಿಸಿದರೆ ಮನೆಗೆ ಆ ದಿನದ ಸಂಪಾದನೆ ತಪ್ಪುತ್ತಿತ್ತು. ಆದುದರಿಂದ ರಾಯರು ಮಧ್ಯಾಹ್ನದ ಊಟದ ಏರ್ಪಾಡು ಮಾಡಿದರು. ಹಾಜರಾದ ಮಗುವಿಗೆ ದಿನಕ್ಕೆ 2 ಪೈಸೆ ಕೊಡುತ್ತಿದ್ದರೆಂದೂ ಪ್ರತೀತಿಯುಂಟು. ದೂರದವರಿಗೆ ವಿದ್ಯಾರ್ಥಿನಿಲಯ, ಬೆಳೆದವರಿಗೆ ಕೈಕಸುಬಿನ ಶಿಕ್ಷಣ, ಹೀಗೆ ಒಂದೊಂದು ಅಡ್ಡಿಗೂ ಒಂದೊಂದು ಪರಿಹಾರವನ್ನು ಕಂಡುಕೊಂಡರು.

ಇದಕ್ಕಾಗಿ ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮಕ್ಕಳು ಸಹಿಸುತ್ತಿದ್ದ ಅವಮಾನದಲ್ಲಿ ರಾಯರಿಗೂ ಪಾಲು ಬಂದಿತು. ಆದರೂ ಕೆಲಸವನ್ನು ಕೈಬಿಡಲಿಲ್ಲ. 1928ರಲ್ಲಿ ಅವರು ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕಾರ್ಯವನ್ನು ಮನಸಾರೆ ಕೊಂಡಾಡಿದರು.

ಶಾಲೆಯ ಊಟ ರಾಷ್ಟ್ರದ ಯೋಜನೆಯಾದದ್ದು 1995ರಲ್ಲಿ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದೆಂಬ ವಿಧಿ 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿದೆ. ಕಾಯಿದೆ ಹಾಜರಿ ಪುಸ್ತಕವನ್ನು ನೋಡೀತು; ಮುಖ ಬಾಡಿದ ಮಗುವನ್ನು ಹತ್ತಿರ ಕರೆದು ಕಾರಣ ಕೇಳಬೇಕಾದವರು ಉಪಾಧ್ಯಾಯರೇ. ಮೊದಲು ಮಗುವಿನ ಅಡ್ಡಿಯನ್ನು ಅರಿಯಬೇಕು, ಅಕ್ಷರ ಆಮೇಲೆ. ರಂಗರಾಯರ ಶಾಲೆಗಳಿಂದ ಗಡಿನಾಡಿನ ಉಪಾಧ್ಯಾಯರು ಕಲಿಯಬೇಕಾದ ಪಾಠವಿದು.